ವೈರಿಂಗ್ ಸ್ವಲ್ಪ ಬಾಕಿ

ಹಳೇ ಕಾರುಗಳ ಮಾರಾಟದ ಜಾಹೀರಾತು ಓದುವ ಚಟ ಇರುವವರಿಗೆ ಈ ಸಾಲು ಬಾಯಿಪಾಠ: "ಫಿಯೆಟ್, 1972 ಮಾಡೆಲ್, ಹೊಸ ಇಂಜಿನ್ ಕೂರಿಸಿದೆ, ವೈರಿಂಗ್ ಸ್ವಲ್ಪ ಬಾಕಿ." ಜೊತೆಗೊಂದು ಫೋಟೊ. ಬಾನೆಟ್ ಎತ್ತಿದೆ, ಒಳಗೆ ಸುಜುಕಿಯ ಅಲ್ಯೂಮಿನಿಯಂ ಇಂಜಿನ್ ಅಲ್ಲಿಯದೇ ಅನ್ನುವಷ್ಟು ಚೆನ್ನಾಗಿ ಕೂತಿದೆ, ಹಿಂದೆ ಫೈರ್‌ವಾಲ್ (ಇಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆ) ಪಕ್ಕ ಬಣ್ಣಬಣ್ಣದ ವೈರುಗಳ ದೊಡ್ಡ ಗಂಟು. ಮುಂದಿನ ವರ್ಷ ಅದೇ ಕಾರು, ಅದೇ ಫೋಟೊ, ಅದೇ ಸಾಲು ಮತ್ತೆ ಬರುತ್ತದೆ. ಬೆಲೆ ಮಾತ್ರ ಇಳಿದಿರುತ್ತದೆ. ಓಡುತ್ತಿದ್ದ ಕಾರೊಂದು ಹೀಗೆ ಟಾರ್ಪಾಲಿನ ಕೆಳಗೆ ಸೇರಿಬಿಡುವುದು ಯಾಕೆ? ದುಡ್ಡು ಮುಗಿಯಿತು, ಮೆಕ್ಯಾನಿಕ್ ಕೈಕೊಟ್ಟ ಅನ್ನುವ ಉತ್ತರಗಳು ಇದ್ದೇ ಇವೆ. ಆದರೆ ನೋಡಿದ ಕಡೆಯೆಲ್ಲ ಕೆಲಸ ಒಂದೇ ಜಾಗದಲ್ಲಿ ನಿಂತಿರುತ್ತದಲ್ಲ, ಅದಕ್ಕೆ ಬೇರೆ ಕಾರಣ ಇರಬೇಕು.

ಇಂಜಿನ್ ಬದಲಿಸುವುದು ನಮ್ಮಲ್ಲಿ ಹೊಸದೇನಲ್ಲ. ಮಲೆನಾಡಿನ, ಕೊಡಗಿನ ಎಸ್ಟೇಟುಗಳಲ್ಲಿ ಹುಟ್ಟಿದಾಗಿನ ಪೆಟ್ರೋಲ್ ಇಂಜಿನ್ನನ್ನೇ ಇಟ್ಟುಕೊಂಡಿರುವ ಹಳೇ ಜೀಪು ಸಿಕ್ಕರೆ ಅದೇ ಆಶ್ಚರ್ಯ. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಅಂಬಾಸಿಡರ್‌ಗೆ ಮ್ಯಾಟಡೋರ್ ಇಂಜಿನ್ ಹಾಕಿಸಿ ಟ್ಯಾಕ್ಸಿ ಓಡಿಸಿದವರಿದ್ದರು. ಕಾರ್ಖಾನೆಗಳೂ ಅದನ್ನೇ ಮಾಡಿದವು. ಹಿಂದುಸ್ತಾನ್ ಮೋಟರ್ಸ್ 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಬಾಡಿಗೆ 1990ರ ದಶಕದ ಆರಂಭದಲ್ಲಿ 1,817 ಸಿಸಿಯ ಇಸುಜು ಪೆಟ್ರೋಲ್ ಇಂಜಿನ್ ಮತ್ತು ಐದು ಗೇರಿನ ಬಾಕ್ಸ್ ಕೂರಿಸಿತು. ಪ್ರೀಮಿಯರ್ ಕಂಪನಿ ಫಿಯೆಟ್ 124ರ ಬಾಡಿಗೆ ನಿಸಾನ್‌ನ 1,171 ಸಿಸಿ ಇಂಜಿನ್ ಇಟ್ಟು 118 ಎನ್‌ಇ ಎಂದು ಮಾರಿತು. ನಮ್ಮ ಹಿರಿಯ ಮೆಕ್ಯಾನಿಕ್‌ಗಳ ಧೈರ್ಯ ಆ ಕಾಲದ್ದು. ಅವರು ಬದಲಿಸುತ್ತಿದ್ದ ಡೀಸೆಲ್ ಇಂಜಿನ್‌ಗೆ ಹೀಟರ್ ಪ್ಲಗ್ಗಿಗೊಂದು ವೈರು, ಆಯಿಲ್ ಲೈಟಿಗೊಂದು, ಟೆಂಪರೇಚರ್ ಮೀಟರಿಗೊಂದು ಇದ್ದರೆ ಮುಗಿಯಿತು. ತಳ್ಳಿ ಸ್ಟಾರ್ಟ್ ಮಾಡಿದರೆ ಬ್ಯಾಟರಿಯೂ ಬೇಡ. ಅದೇ ಕೈಗಳಿಗೆ ಈಗ ಎಂಪಿಎಫ್‌ಐ ಇಂಜಿನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರುಗಳು ಪೆಟ್ರೋಲ್ ಚಿಮ್ಮಿಸುವ ಇಂಜಿನ್, ಬಂದಿದೆ. ಕಬ್ಬಿಣದ ಕೆಲಸ ಅವರು ಮೊದಲಿನಷ್ಟೇ ಚೆನ್ನಾಗಿ ಮಾಡುತ್ತಾರೆ. ಅದು ಮುಗಿದ ಕಡೆ ಕಾರು ನಿಂತುಬಿಡುತ್ತದೆ.

ಗೇರ್‌ಬಾಕ್ಸ್ ಮೊದಲು

"ನನ್ನ ಕಾರಿಗೆ ಯಾವ ಇಂಜಿನ್ ಕೂರುತ್ತೆ?" ಎಂದು ಶುರು ಮಾಡುವವರು ಎಷ್ಟು ಬಿಎಚ್‌ಪಿ ಅನ್ನುವುದನ್ನೇ ನೋಡುತ್ತಾರೆ. ಮೊದಲು ನೋಡಬೇಕಾದ್ದು ಆ ಇಂಜಿನ್ನಿನ ಜೊತೆ ಉದ್ದಕ್ಕೆ ಕೂರುವ, ಹಿಂದಿನ ಚಕ್ರಕ್ಕೆ ಶಾಫ್ಟ್ ಕೊಡುವ ಗೇರ್‌ಬಾಕ್ಸ್ ಇದೆಯೇ ಎಂದು. ಸ್ವಿಫ್ಟ್, ಸಿಟಿ ಮೊದಲಾದ ಮುಂಚಕ್ರದ ಕಾರುಗಳ ಇಂಜಿನ್ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ, ಅಡ್ಡಕ್ಕೆ ಕೂರಲೆಂದು ಮಾಡಿದವು. ಉದ್ದಕ್ಕೆ ತಿರುಗಿಸಿದರೆ ನೀರಿನ ಔಟ್‌ಲೆಟ್ ಫೈರ್‌ವಾಲಿಗೆ ಮುಖ ಮಾಡುತ್ತದೆ, ಸೆಲ್ಫ್ ಮೋಟರು ಇರುವ ಜಾಗದಲ್ಲಿ ಕಾರಿನ ಟನಲ್ (ಗೇರ್‌ಬಾಕ್ಸ್ ಕೂರುವ ನೆಲದ ಉಬ್ಬು) ಬರುತ್ತದೆ, ಫ್ಲೈವೀಲಿಗೂ ಬೇರೆ ಗೇರ್‌ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕಾಗುತ್ತದೆ.

ಪದ್ಮಿನಿ, ಹೆರಾಲ್ಡ್ ಅಳತೆಯ ಕಾರುಗಳಿಗೆ ಮಾರುತಿ ಸುಜುಕಿಯ ಜಿಪ್ಸಿ ಕಿಂಗ್‌ನ 1,298 ಸಿಸಿ ಇಂಜಿನ್ ಇಷ್ಟವಾಗುವುದು ಇದಕ್ಕೇ. ಅದು ಮೊದಲಿನಿಂದಲೇ ಉದ್ದಕ್ಕೆ ಕೂರುವ ಇಂಜಿನ್, ಹಿಂದೆ ಐದು ಗೇರಿನ ಬಾಕ್ಸ್. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಸಣ್ಣ ಶಾಫ್ಟಿನ ಮೂಲಕ ಬೇರೆಯಾಗಿಯೇ ತೂಗಾಡುತ್ತದೆ. ಅದನ್ನು ಬಿಟ್ಟು ಗೇರ್‌ಬಾಕ್ಸಿನ ಫ್ಲಾಂಜಿನಿಂದ ನೇರವಾಗಿ ಪ್ರೊಪೆಲ್ಲರ್ ಶಾಫ್ಟ್ ಎಳೆದುಕೊಳ್ಳಬಹುದು. ಪದ್ಮಿನಿಯ 1,089 ಸಿಸಿ ಇಂಜಿನ್ ಕೊಡುತ್ತಿದ್ದ ನಲವತ್ತು ಚಿಲ್ಲರೆ ಬಿಎಚ್‌ಪಿಯ ಜಾಗದಲ್ಲಿ ಸುಮಾರು 80 ಸಿಗುತ್ತದೆ. ಆದರೆ ಒಂದು ಸಣ್ಣ ತೊಡಕು ಇದೆ: ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ ಹೊರಡುವುದು ನೀವು ಬಿಟ್ಟುಬಂದ ಆ ಟ್ರಾನ್ಸ್‌ಫರ್ ಕೇಸಿನಿಂದ. ಕಾರು ರಸ್ತೆಗಿಳಿದ ದಿನ ಮುಳ್ಳು ಸೊನ್ನೆಯಲ್ಲೇ ಇದ್ದಾಗ ಇದು ಹೊಳೆಯುತ್ತದೆ. ಪ್ರೊಪೆಲ್ಲರ್ ಫ್ಲಾಂಜಿನ ಬೋಲ್ಟುಗಳನ್ನು ಎಣಿಸುವ ಸೆನ್ಸರ್ ಅಥವಾ ಜಿಪಿಎಸ್ ಮೀಟರ್ ಹಾಕಿಕೊಳ್ಳಬೇಕು. ಹಳೇ ಡಯಲ್ಲನ್ನೇ ಉಳಿಸುವ ಆಸೆ ಇದ್ದರೆ ಜಿಪಿಎಸ್ ಸಿಗ್ನಲ್ಲಿನಿಂದ ಕೇಬಲ್ ತಿರುಗಿಸುವ ಪುಟ್ಟ ಮೋಟರ್ ಡಬ್ಬಿಗಳೂ ಬರುತ್ತವೆ.

ಗೇರ್‌ಬಾಕ್ಸ್ ಆಯ್ದುಕೊಳ್ಳುವ ಮುಂಚೆ ಹಿಂದಿನ ಹೌಸಿಂಗಿನ (ಹಿಂಚಕ್ರಗಳ ನಡುವಿನ ಗೇರುಗಳ ಡಬ್ಬಿ) ಅನುಪಾತ, ಅಂದರೆ ಚಕ್ರಗಳು ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು, ತಿಳಿದಿರಬೇಕು. ಪುಸ್ತಕ ನಂಬಬೇಡಿ, ಈ ವಯಸ್ಸಿನ ಕಾರಿಗೆ ಅದರೊಳಗಿನ ಕ್ರೌನ್-ಪಿನಿಯನ್ ಗೇರು ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು. ಕಾರು ನ್ಯೂಟ್ರಲ್‌ನಲ್ಲಿರಲಿ, ಒಂದು ಹಿಂಚಕ್ರ ನೆಲದ ಮೇಲಿರಲಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಇನ್ನೊಂದು ಹಿಂಚಕ್ರವನ್ನು ಜ್ಯಾಕ್ ಮೇಲೆ ಎತ್ತಿ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನಿಂತಿರುವುದರಿಂದ ಇದು ಎರಡೂ ಚಕ್ರದ ಒಂದು ಸುತ್ತಿಗೆ ಸಮ). ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿಮ್ಮ ಅನುಪಾತ. ಅದು 4.5 ಇದ್ದು ಟಯರಿನ ಸುತ್ತಳತೆ 2.05 ಮೀಟರ್ ಇದ್ದರೆ, ನಾಲ್ಕನೇ ನೇರ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರಿಗೆ ಇಂಜಿನ್ ಸುಮಾರು 3,650 ಸುತ್ತು ತಿರುಗುತ್ತಿರುತ್ತದೆ. ಐದನೇ ಗೇರು 0.8 ಇದ್ದರೆ ಅದು 2,900ರ ಹತ್ತಿರಕ್ಕೆ ಇಳಿಯುತ್ತದೆ. ಹೈವೇಯಲ್ಲಿ ಕಾರು ಕಿರುಚದೆ ಹೋಗುವುದು ಈ ಐದನೇ ಗೇರಿನಿಂದ, ಬಿಎಚ್‌ಪಿಯಿಂದಲ್ಲ. ಎಷ್ಟೋ ಜನ ಇಂಜಿನ್ ಬದಲಿಸಬೇಕು ಅಂದುಕೊಳ್ಳುವಾಗ ಅವರಿಗೆ ನಿಜವಾಗಿ ಬೇಕಿರುವುದು ಇದೊಂದೇ ಗೇರು.

ಡಯಲ್ ಗೇಜಿನ ಮುಳ್ಳು

ಅಡಾಪ್ಟರ್ ಪ್ಲೇಟ್ ಬೇಕೇ ಬೇಕು ಅನ್ನುವ ಸಂದರ್ಭಗಳಿವೆ: ಇಂಜಿನ್ ಒಂದು ಕಂಪನಿಯದು, ಗೇರ್‌ಬಾಕ್ಸ್ ಇನ್ನೊಂದರದು. ಲೇತಿನವರು 16 ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸಿ ಎರಡೂ ಕಡೆಯ ಬೋಲ್ಟ್ ತೂತು ಹೊಡೆದುಕೊಡುತ್ತಾರೆ. ಬೋಲ್ಟ್ ಎಲ್ಲ ಕೂತವು, ಕೆಲಸ ಆಯಿತು ಅಂತ ಮುಂದೆ ಹೋಗುವವರೇ ಜಾಸ್ತಿ. ಬೋಲ್ಟ್ ತೂತಿಗೆ ಯಾವಾಗಲೂ ಅರ್ಧ ಮಿಲಿಮೀಟರ್ ಸಡಿಲ ಇರುತ್ತದೆ. ಇಂಜಿನ್ನಿನ ಕ್ರ್ಯಾಂಕ್ ಮತ್ತು ಗೇರ್‌ಬಾಕ್ಸಿನ ಮೇನ್ ಶಾಫ್ಟ್ ಒಂದೇ ಗೆರೆಯಲ್ಲಿ ಇರಬೇಕಾದ್ದು ಅದಕ್ಕಿಂತ ಎಷ್ಟೋ ಕಡಿಮೆ ಅಂತರದಲ್ಲಿ.

ಪರೀಕ್ಷೆ ಹೀಗಿರುತ್ತದೆ. ಇಂಜಿನ್ ಸ್ಟ್ಯಾಂಡ್ ಮೇಲಿದೆ. ಕ್ಲಚ್ ಇಲ್ಲ, ಪ್ಲೇಟ್ ಮತ್ತು ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಬಿಗಿದಿದೆ. ಫ್ಲೈವೀಲಿಗೆ ಮ್ಯಾಗ್ನೆಟ್ ಬೇಸ್ ಕಚ್ಚಿಸಿ ಡಯಲ್ ಗೇಜ್ ನಿಲ್ಲಿಸಿದ್ದಾರೆ, ಅದರ ತುದಿ ಬೆಲ್ ಹೌಸಿಂಗಿನ ನಡುವಿನ ದುಂಡು ತೂತಿನ ಒಳಗೋಡೆಗೆ ತಾಗಿದೆ. ಗೇರ್‌ಬಾಕ್ಸಿನ ಕಾಲರ್ ಬಂದು ಕೂರುವ ತೂತು ಅದು. ಮುಂದಿನ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಒಬ್ಬ ನಿಧಾನವಾಗಿ ಕ್ರ್ಯಾಂಕ್ ತಿರುಗಿಸುತ್ತಾನೆ, ಇನ್ನೊಬ್ಬ ಮೊಬೈಲ್ ಟಾರ್ಚ್ ಹಿಡಿದು ಮುಳ್ಳು ಓದುತ್ತಾನೆ. ಮೇಲೆ ಸೊನ್ನೆ. ಬಲಕ್ಕೆ ಬಂದಾಗ ಇಪ್ಪತ್ತು. ಕೆಳಗೆ ಅರವತ್ತು. ಎಡಕ್ಕೆ ನಲವತ್ತು. ಮತ್ತೆ ಮೇಲೆ ಸೊನ್ನೆ. ಒಂದು ಗೆರೆ ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. ಮೇಲಕ್ಕೂ ಕೆಳಕ್ಕೂ ಇರುವ ವ್ಯತ್ಯಾಸ 0.60, ಅದರ ಅರ್ಧ ಅಂದರೆ 0.30 ಮಿಲಿಮೀಟರಿನಷ್ಟು ಹೌಸಿಂಗ್ ಗೆರೆ ಬಿಟ್ಟು ಕೂತಿದೆ. ತಡೆದುಕೊಳ್ಳುವುದು ಹೆಚ್ಚೆಂದರೆ 0.13, ಮುಳ್ಳಿನ ಲೆಕ್ಕದಲ್ಲಿ ಒಟ್ಟು 25 ಗೆರೆ. ಬೋಲ್ಟ್ ಸಡಿಲಿಸಿ ನೈಲಾನ್ ಸುತ್ತಿಗೆಯಲ್ಲಿ ಒಂದು ತಟ್ಟು, ಮತ್ತೆ ಬಿಗಿ, ಮತ್ತೆ ಒಂದು ಸುತ್ತು. ಮುಳ್ಳು 25ರೊಳಗೆ ಬಂದ ಮೇಲೆ ಅದೇ ಸ್ಥಿತಿಯಲ್ಲಿ ಎರಡು ಡೋವೆಲ್ ತೂತು ರೀಮ್ ಮಾಡಿ ಪಿನ್ ಹೊಡೆಯುತ್ತಾರೆ. ಇನ್ನು ಮುಂದೆ ಎಷ್ಟು ಸಲ ಬಿಚ್ಚಿದರೂ ಹೌಸಿಂಗ್ ಅಲ್ಲಿಗೇ ಬಂದು ಕೂರುತ್ತದೆ.

ಈ ಕೆಲಸ ಬಿಟ್ಟವರಿಗೆ ಕಾರು ಮೊದಮೊದಲು ಸರಿಯಾಗೇ ಓಡುತ್ತದೆ. ಆಮೇಲೆ ಕ್ಲಚ್ ಪ್ಲೇಟಿನ ನಡುಭಾಗ ಬಿರುಕು ಬಿಡುತ್ತದೆ, ಮೇನ್ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬುಷ್ ಸವೆಯುತ್ತದೆ, ನಾಲ್ಕನೇ ಗೇರು ತಾನಾಗೇ ಹಾರುತ್ತದೆ. ಗೇರ್‌ಬಾಕ್ಸ್ ಕೆಟ್ಟದ್ದು ಅಂತ ಇನ್ನೊಂದು ತಂದು ಹಾಕುತ್ತಾರೆ, ಅದೂ ಹೋಗುತ್ತದೆ. ಪ್ಲೇಟಿನ ದಪ್ಪದಿಂದ ಇನ್ನೊಂದು ಪೇಚಾಟವೂ ಉಂಟು: ಗೇರ್‌ಬಾಕ್ಸ್ ಅಷ್ಟು ಹಿಂದಕ್ಕೆ ಹೋಗುವುದರಿಂದ ಮೇನ್ ಶಾಫ್ಟಿನ ಮೂತಿ ಪೈಲಟ್ ಬುಷ್ಷಿನಲ್ಲಿ ಪೂರ್ತಿ ಕೂರುವುದಿಲ್ಲ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕ್ಲಚ್ಚಿನ ಬೆರಳುಗಳನ್ನು ಮುಟ್ಟುವುದಿಲ್ಲ. ಉದ್ದದ ಬುಷ್ ಲೇತಿನಲ್ಲಿ ಮಾಡಿಸಿಕೊಳ್ಳಬೇಕು.

ಚೇಂಬರ್, ಫೌಂಡೇಶನ್, ಶಾಫ್ಟ್

ಇಂಜಿನ್ ಬಾನೆಟ್ಟಿನೊಳಗೆ ಇಳಿಸುವಾಗ ಮೊದಲು ತಾಗುವುದು ಅದರ ತಳದ ಆಯಿಲ್ ಚೇಂಬರ್, ಮುಂದಿನ ಕ್ರಾಸ್ ಮೆಂಬರಿಗೆ, ಅಂದರೆ ಅಡ್ಡ ತೊಲೆಗೆ. ಇಂಜಿನ್ನನ್ನೇ ಎತ್ತಿ ಕೂರಿಸುವುದು ಸುಲಭದ ದಾರಿ. ಹಾಗೆ ಮಾಡಿದರೆ ಬಾನೆಟ್ ಮುಚ್ಚುವುದಿಲ್ಲ, ಗೇರ್‌ಬಾಕ್ಸ್ ಟನಲ್ಲಿಗೆ ಒತ್ತುತ್ತದೆ, ಶಾಫ್ಟಿನ ಕೋನ ಕೆಡುತ್ತದೆ. ಕ್ರಾಸ್ ಮೆಂಬರ್ ಕತ್ತರಿಸುವುದು ಇನ್ನೊಂದು ದಾರಿ, ಅದರ ಮಾತೇ ಬೇಡ. ಸಸ್ಪೆನ್ಷನ್ ಅದಕ್ಕೇ ಕಚ್ಚಿಕೊಂಡಿದೆ. ಚೇಂಬರನ್ನೇ ಕತ್ತರಿಸಿ ಹೊಂಡವನ್ನು ಹಿಂದಕ್ಕೋ ಮುಂದಕ್ಕೋ ಸರಿಸುವುದು ಸರಿಯಾದ್ದು. ಆಗ ಮೂರು ಲೆಕ್ಕ ತಪ್ಪಬಾರದು. ಆಯಿಲ್ ಹಿಡಿಯುವ ಪ್ರಮಾಣ ಮೊದಲಿದ್ದಷ್ಟೇ ಇರಬೇಕು, ಆಳ ಕಡಿಮೆಯಾದರೆ ಅಗಲದಲ್ಲಿ ತುಂಬಿಕೊಳ್ಳಿ. ಆಯಿಲ್ ಎಳೆಯುವ ಸ್ಟ್ರೇನರಿಗೂ ತಳಕ್ಕೂ 6ರಿಂದ 10 ಮಿಲಿಮೀಟರ್ ಬಿಡಿ. ಮೈದಾ ಹಿಟ್ಟಿನ ಉಂಡೆ ತಳದಲ್ಲಿಟ್ಟು ಚೇಂಬರ್ ಬಿಗಿದು ಬಿಚ್ಚಿದರೆ ಅಂತರ ಅದರಲ್ಲೇ ಮೂಡಿರುತ್ತದೆ. ಡಿಪ್‌ಸ್ಟಿಕ್ಕಿನ ಗುರುತು ಹೊಸದಾಗಿ ಹಾಕಿ, ಹಳೇ ಗೆರೆಗೆ ಈಗ ಅರ್ಥವಿಲ್ಲ. ವೆಲ್ಡಿಂಗ್ ಆದ ಮೇಲೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಡಿ. ನೀರು ನಿಲ್ಲುವ ಜಾಗದಲ್ಲಿ ಸೀಮೆಎಣ್ಣೆ ಜಿನುಗುತ್ತದೆ.

ಇಂಜಿನ್ನನ್ನು ಹಿಡಿದಿಡುವ ಫೌಂಡೇಶನ್ ಬ್ರಾಕೆಟ್‌ಗಳನ್ನು, ಇಂಜಿನ್, ಗೇರ್‌ಬಾಕ್ಸ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಸ್ಟೀರಿಂಗ್ ಬಾಕ್ಸ್, ಸೆಲ್ಫ್ ಎಲ್ಲ ಜಾಗದಲ್ಲಿ ಕೂರಿಸಿದ ಮೇಲೆ ಮಾತ್ರ ಟ್ಯಾಕ್ (ಚುಕ್ಕಿಯಷ್ಟೇ ಬೆಸುಗೆ) ಹೊಡೆಯಬೇಕು. ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿಯ ತಗಡೇ ಚಾಸಿ. ತೆಳು ತಗಡಿಗೆ ನೇರವಾಗಿ 5 ಮಿಲಿಮೀಟರ್ ಬ್ರಾಕೆಟ್ ಬೆಸೆದರೆ ಅಂಚಿನಲ್ಲಿ ಹರಿಯುತ್ತದೆ. ಮೊದಲು 3 ಮಿಲಿಮೀಟರಿನ ಅಗಲವಾದ ಪಟ್ಟಿ, ಅದರ ಮೇಲೆ ಬ್ರಾಕೆಟ್. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಓಲಾಡುತ್ತದೆ, ಆದ್ದರಿಂದ ಸುತ್ತ 15-20 ಮಿಲಿಮೀಟರ್ ಖಾಲಿ ಬೇಕು. ಬಲಗಡೆ ಸ್ಟೀರಿಂಗ್ ಕಾಲಮ್ಮಿಗೂ ಎಕ್ಸಾಸ್ಟಿಗೂ ನಡುವೆ ಇಷ್ಟು ಸಾಲದು, ತಗಡಿನ ಹೀಟ್ ಶೀಲ್ಡ್ ಕೊಡಿ.

ಇಂಜಿನ್ ಹಿಂದಕ್ಕೆ ಮೂರು ಡಿಗ್ರಿ ಬಾಗಿದ್ದರೆ ಹಿಂದಿನ ಹೌಸಿಂಗಿನ ಪಿನಿಯನ್ ಮೇಲಕ್ಕೆ ಮೂರು ಡಿಗ್ರಿ ನೋಡುತ್ತಿರಬೇಕು, ಅಂದರೆ ಎರಡೂ ಒಂದಕ್ಕೊಂದು ಸಮಾನಾಂತರ. ಇಲ್ಲದಿದ್ದರೆ 60-70ರ ವೇಗದಲ್ಲಿ ಸೀಟಿನ ಕೆಳಗೆ ಗುಂಯ್‌ಗುಡುವ ನಡುಕ ಶುರುವಾಗುತ್ತದೆ, ಅದಕ್ಕೆ ಶಾಫ್ಟ್ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಪ್ರಯೋಜನವಿಲ್ಲ. ಶಾಫ್ಟಿನ ಉದ್ದವನ್ನು ಕಾರು ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಅಳೆಯಿರಿ, ಜ್ಯಾಕ್ ಮೇಲಲ್ಲ. ಲೀಫ್ ಸ್ಪ್ರಿಂಗ್ ಒತ್ತಿದಾಗ ಹೌಸಿಂಗ್ ಹಿಂದುಮುಂದು ಸರಿಯುತ್ತದೆ, ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಲು ಬಿಡುವ ಸ್ಲಿಪ್ ಜಾಯಿಂಟಿನಲ್ಲಿ ಒಳಕ್ಕೆ 20-25 ಮಿಲಿಮೀಟರ್ ಓಡಾಟ ಉಳಿದಿರಲಿ.

ಆ ಗಂಟು

ಈಗ ವೈರಿಗೆ ಬರೋಣ. ಇಂಜಿನ್ ಖರೀದಿಸುವ ಕ್ಷಣದಲ್ಲೇ ಸೋಲು-ಗೆಲುವು ನಿರ್ಧಾರವಾಗಿರುತ್ತದೆ. ಗುಜರಿಯಲ್ಲಿ ಇಂಜಿನ್ ಇಳಿಸುವವರಿಗೆ ಅವಸರ. ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಫೈರ್‌ವಾಲಿನ ತೂತಿನ ಬಳಿ ಕಟರ್‌ನಲ್ಲಿ ಕತ್ತರಿಸಿ "ಈಸಿಎಂ ಬೇಕಾದರೆ ಬೇರೆ ರೇಟು" ಅನ್ನುತ್ತಾರೆ. ಈಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಅಲ್ಲಿಗೆ ಅರವತ್ತು ಎಪ್ಪತ್ತು ತುಂಡು ವೈರು ಕೈಗೆ ಬರುತ್ತವೆ, ಯಾವುದು ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲ. ಇಂಜಿನ್ನಿನ ಜೊತೆ ಬರಬೇಕಾದವು ಇವು: ಈಸಿಎಂ, ಪೂರ್ತಿ ಇಂಜಿನ್ ಹಾರ್ನೆಸ್, ಮೇನ್ ರಿಲೇ ಮತ್ತು ಪಂಪ್ ರಿಲೇ ಇರುವ ಫ್ಯೂಸ್ ಬಾಕ್ಸ್, ಆಕ್ಸಿಲರೇಟರ್ ಎಲೆಕ್ಟ್ರಾನಿಕ್ ಆಗಿದ್ದರೆ ಆ ಪೆಡಲ್, ಆಕ್ಸಿಜನ್ ಸೆನ್ಸರ್ ಇರುವ ಎಕ್ಸಾಸ್ಟ್ ತುಂಡು. ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಓಡದಂತೆ ತಡೆಯುವ ಏರ್ಪಾಡು) ಇರುವ ಗಾಡಿಯಾದರೆ ಅದರ ಡಬ್ಬಿ ಮತ್ತು ಅದೇ ಗಾಡಿಯ ಕೀ. ಕೀ ಇಲ್ಲದ ಈಸಿಎಂ ಸೆಲ್ಫ್ ಹೊಡೆಸಿಕೊಳ್ಳುತ್ತದೆ, ಒಂದು ಕ್ಷಣ ಹತ್ತಿ ಆರುತ್ತದೆ ಅಥವಾ ಇಂಜೆಕ್ಟರನ್ನೇ ತೆರೆಯುವುದಿಲ್ಲ. ಪಂಪು, ಪ್ಲಗ್ಗು, ಕಾಯಿಲ್ ಎಲ್ಲ ಬದಲಿಸಿದ ಮೇಲೆ ಇದು ಗೊತ್ತಾಗುವುದೇ ಹೆಚ್ಚು.

ಸಾಧ್ಯವಾದರೆ ಓಡುವ ಸ್ಥಿತಿಯಲ್ಲಿರುವ ಪೂರ್ತಿ ಗಾಡಿಯನ್ನೇ ಕೊಂಡು, ಅದರಲ್ಲೇ ಸ್ಟಾರ್ಟ್ ಮಾಡಿ ನೋಡಿ, ನಂತರ ಇಳಿಸಿ. ಇಳಿಸಿದ ಇಂಜಿನ್ನನ್ನು ಹಳೇ ಕಾರಿಗೆ ತೋರಿಸುವ ಮೊದಲು ಕಬ್ಬಿಣದ ಆಂಗಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರೇಡಿಯೇಟರ್ ಒಂದನ್ನು ಕಟ್ಟಿ, ಕ್ಯಾನಿನಿಂದ ಪೆಟ್ರೋಲ್ ಕೊಟ್ಟು, ಪಕ್ಕದ ಟೇಬಲ್ ಮೇಲೆ ಹಾರ್ನೆಸ್ ಹರಡಿ ಗ್ಯಾರೇಜಿನ ನೆಲದ ಮೇಲೇ ಸ್ಟಾರ್ಟ್ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಅಲ್ಲಿ ಓಡಿದ ಮೇಲೆ ಬೇಡದ ವೈರುಗಳನ್ನು, ಅಂದರೆ ಎಸಿ, ಪವರ್ ವಿಂಡೋ, ಲೈಟಿನವನ್ನು, ಒಂದೊಂದಾಗಿ ಬಿಡಿಸುತ್ತ ಬನ್ನಿ, ಪ್ರತಿ ಸಲವೂ ಮತ್ತೆ ಸ್ಟಾರ್ಟ್ ಮಾಡುತ್ತ. ನಿಂತುಹೋದರೆ ಕೊನೆಗೆ ತೆಗೆದದ್ದೇ ಕಾರಣ. ಇಂಜಿನ್ ಕೂರಿಸಿಯಾದ ಮೇಲೆ, ಕತ್ತಲ ಮೂಲೆಯಲ್ಲಿ ತಲೆಕೆಳಗಾಗಿ ಮಲಗಿ ಇದೇ ಕೆಲಸ ಮಾಡಲು ಹೊರಟರೆ ಜಾಹೀರಾತಿನ ಸಾಲು ತಯಾರಾಯಿತು ಅಂತಲೇ ಲೆಕ್ಕ.

ಕಾರಿನೊಳಗೆ ಬಂದಮೇಲೆ ಕಾಡುವುದು ಬಹುಪಾಲು ಅರ್ಥಿಂಗ್. ಇಂಜಿನ್ ರಬ್ಬರಿನ ಮೇಲೆ ಕೂತಿದೆ, ಬಾಡಿಗೆ ದಪ್ಪನೆಯ ಬಣ್ಣ ಬಳಿದಿದೆ. ಬ್ಯಾಟರಿಯಿಂದ ಇಂಜಿನ್ ಬ್ಲಾಕಿಗೊಂದು, ಬ್ಲಾಕಿನಿಂದ ಬಾಡಿಗೊಂದು ದಪ್ಪ ಪಟ್ಟಿ ಇಲ್ಲದಿದ್ದರೆ ಸೆಲ್ಫಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಕಾದು ಹೊಗೆ ಬರುವುದೂ ಉಂಟು. ಈಸಿಎಂನ ಅರ್ಥ್ ವೈರುಗಳು ಮೂಲ ಗಾಡಿಯಲ್ಲಿ ಎಲ್ಲಿ ಬಿಗಿದಿದ್ದವೋ ಅಲ್ಲಿಗೇ, ಇಂಜಿನ್ ಮೇಲೇ, ಬರಬೇಕು. ಸೆಲ್ಫ್ ಹೊಡೆಯುವಾಗ ಈಸಿಎಂ ಅರ್ಥಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮೀಟರ್ ಹಿಡಿಯಿರಿ, 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ಬಣ್ಣದ ಮೇಲೆ ಬೋಲ್ಟ್ ಬಿಗಿದಿದೆ. ಕ್ರ್ಯಾಂಕ್ ಸೆನ್ಸರಿನ ಶೀಲ್ಡ್ ವೈರನ್ನು ಪ್ಲಗ್ ವೈರಿನ ಜೊತೆ ಕಟ್ಟಬೇಡಿ. ತೀರಾ ಹಳೇ ಬ್ರಿಟಿಷ್ ಮೂಲದ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಬಿಗಿದಿರುತ್ತದೆ. ಅದನ್ನು ಮೈನಸ್ಸಿಗೆ ತಿರುಗಿಸದೆ ಈಸಿಎಂ ಜೋಡಿಸಿದರೆ ಅದು ಸುಟ್ಟಂತೆಯೇ.

ಪೆಟ್ರೋಲಿನ ಕಡೆಯೂ ಇದೇ ಬಗೆಯ ಎಚ್ಚರ ಬೇಕು. ಕಾರ್ಬುರೇಟರ್ ಕಾಲದ ಪಂಪ್ 0.2-0.3 ಬಾರ್ ಒತ್ತಡದ್ದು, ಇಂಜೆಕ್ಷನ್ನಿಗೆ ಬೇಕಾದ್ದು 2.5ರಿಂದ 3 ಬಾರ್, ಅಂದರೆ ಹತ್ತು ಪಟ್ಟು. ಹಳೇ ರಬ್ಬರ್ ಪೈಪ್, ಸ್ಕ್ರೂ ಕ್ಲಿಪ್ ತಡೆಯುವುದಿಲ್ಲ. ಎಸ್‌ಎಇ ಜೆ30 ಆರ್9 ಎಂದು ಮುದ್ರೆ ಇರುವ ಇಂಜೆಕ್ಷನ್ ಪೈಪನ್ನೇ ಕೇಳಿ ತನ್ನಿ. ಈಗಿನ 20 ಶೇಕಡಾ ಎಥೆನಾಲ್ ಪೆಟ್ರೋಲಿಗೂ ಅದೇ ಸೈ. ಹಳೇ ಟ್ಯಾಂಕಿನೊಳಗೆ ತಡೆಗೋಡೆ ಇಲ್ಲ. ಕಾಲು ಟ್ಯಾಂಕ್ ಇದ್ದಾಗ ಘಾಟಿ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಕಾರ್ಬುರೇಟರಿನ ಬೌಲ್ ಅದನ್ನು ನುಂಗಿಕೊಳ್ಳುತ್ತಿತ್ತು, ಇಂಜೆಕ್ಟರ್ ನುಂಗುವುದಿಲ್ಲ. ಕಡಿಮೆ ಒತ್ತಡದ ಪಂಪಿನಿಂದ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ ತುಂಬಿಸಿ, ದೊಡ್ಡ ಪಂಪ್ ಅದರಿಂದ ಎಳೆಯಲಿ. ಪಂಪಿನ ಕರೆಂಟನ್ನು ನೇರ ಕೀಯಿಂದ ಕೊಡುವವರಿದ್ದಾರೆ. ಅಪಘಾತವಾಗಿ ಪೈಪ್ ಹರಿದರೂ ಅದು ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ಈಸಿಎಂನ ರಿಲೇ ಮೂಲಕವೇ ಹೋಗಲಿ, ನಡುವೆ ಡಿಕ್ಕಿಯಾದರೆ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಇರಲಿ.

ಬ್ರೇಕು ಮತ್ತು ಆರ್‌ಸಿ

ಗಂಟೆಗೆ 80ರಲ್ಲಿ ನಿಲ್ಲಿಸುತ್ತಿದ್ದ ಕಾರನ್ನು 110ರಲ್ಲಿ ನಿಲ್ಲಿಸಲು ಬ್ರೇಕು ಹೀರಬೇಕಾದ ಶಕ್ತಿ 1.9 ಪಟ್ಟು. ನಾಲ್ಕೂ ಕಡೆ ಡ್ರಮ್, ಒಂದೇ ಸರ್ಕೀಟಿನ ಮಾಸ್ಟರ್ ಸಿಲಿಂಡರ್ ಇರುವ ಕಾರಿಗೆ ಇದು ಆಗದ ಮಾತು. ಮುಂದೆ ಡಿಸ್ಕ್, ಎರಡು ಸರ್ಕೀಟಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್, ಪೆಡಲಿನ ಒತ್ತಡ ಹೆಚ್ಚಿಸುವ ಸರ್ವೋ: ಇಂಜಿನ್ ತರುವ ಮೊದಲೇ ಇವನ್ನು ಮಾಡಿಸಿ ಮುಗಿಸಬೇಕು. ಬಜೆಟ್ಟಿನಲ್ಲಿ ಇದಕ್ಕೆ ಜಾಗವಿಲ್ಲದಿದ್ದರೆ ಇಂಜಿನ್ ಬದಲಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಹಳೇ ಇಂಜಿನ್ನಿಗೇ ಎಲೆಕ್ಟ್ರಾನಿಕ್ ಇಗ್ನಿಷನ್, ಆಲ್ಟರ್ನೇಟರ್, ಎಲೆಕ್ಟ್ರಿಕ್ ಫ್ಯಾನ್ ಹಾಕಿ ಚೆನ್ನಾಗಿ ಬೋರ್ ಮಾಡಿಸಿದರೆ ಊರೊಳಗೆ ದಿನವೂ ಓಡಿಸಲು ಯಾವ ತೊಂದರೆಯೂ ಇಲ್ಲ. ಅಂಥ ಕಾರುಗಳು "ಬಾಕಿ" ಪಟ್ಟಿಗೆ ಸೇರುವುದು ಕಡಿಮೆ.

ಕಾಗದದ ವಿಷಯ ಕೊನೆಗೆ ಬಂದರೂ ವಿಚಾರಿಸಬೇಕಾದ್ದು ಮೊದಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತವಾಗಿ ಹೇಳಿತು. ಅನುಮತಿ ಇಲ್ಲದ ಮಾರ್ಪಾಡಿಗೆ ಅದೇ ಕಾಯ್ದೆಯ 182ಎ ಸೆಕ್ಷನ್ ಅಡಿಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹಾಗಾಗಿ ಅದೇ ತಯಾರಕರ ಇಂಜಿನ್ ಇದ್ದರೆ, ಉದಾಹರಣೆಗೆ ಅಂಬಾಸಿಡರಿಗೆ ಇಸುಜು, ಆರ್‌ಟಿಒದಲ್ಲಿ ಮಾತಾಡಲು ಒಂದು ಬುಡವಾದರೂ ಇರುತ್ತದೆ. ಬೇರೆ ಕಂಪನಿಯದಾದರೆ ದಾರಿ ಬಲು ಕಿರಿದು. ಯಾವುದೇ ಆಗಲಿ, ಕತ್ತರಿ ಹಾಕುವ ಮೊದಲೇ ಲಿಖಿತ ಅನುಮತಿ ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ. 2021ರಲ್ಲಿ ಬಂದ ವಿಂಟೇಜ್ ನೋಂದಣಿ, ಅಂದರೆ ವಿಎ ಸರಣಿಯ ನಂಬರ್ ಪ್ಲೇಟು, 50 ವರ್ಷ ದಾಟಿದ ಕಾರುಗಳಿಗೆ. ಚಾಸಿ, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕೆಂಬುದು ಅದರ ಷರತ್ತು. 1972ರ ಫಿಯೆಟ್ಟಿಗೆ ಸುಜುಕಿ ಕೂರಿಸಿದವರು ಆ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಅದಕ್ಕೇ ಇಳಿಸಿದ ಹಳೇ ಇಂಜಿನ್ನನ್ನು ಕಬ್ಬಿಣದ ತೂಕಕ್ಕೆ ಕೊಡಬೇಡಿ, ಆರ್‌ಸಿಯಲ್ಲಿರುವ ನಂಬರು ಅದರ ಬ್ಲಾಕಿನ ಮೇಲಿದೆ. ಬ್ರಾಕೆಟ್‌ಗಳನ್ನು ಸಾಧ್ಯವಾದಷ್ಟು ಬೋಲ್ಟ್ ಮಾಡುವಂತೆ ಮಾಡಿಸಿದ್ದರೆ ನಾಳೆ ವಾಪಸ್ ಕೂರಿಸಲೂ ಬರುತ್ತದೆ. ನೀರು, ಆಯಿಲ್ ಖಾಲಿ ಮಾಡಿ, ಪ್ರತಿ ಪ್ಲಗ್ ತೂತಿಗೂ 20-30 ಮಿಲಿಲೀಟರ್ ಇಂಜಿನ್ ಆಯಿಲ್ ಬಿಟ್ಟು, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಪ್ಲಗ್ ಮುಚ್ಚಿ. ಎಕ್ಸಾಸ್ಟ್ ಮತ್ತು ಇನ್‌ಲೆಟ್ ತೂತುಗಳಿಗೆ ತಗಡಿನ ಮುಚ್ಚಳ ಬಿಗಿದು, ನೆಲದ ತೇವ ತಾಗದಂತೆ ಮರದ ಪಟ್ಟಿಯ ಮೇಲಿಡಿ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಕಾಲು ಸುತ್ತು ತಿರುಗಿಸಿದರೆ ರಿಂಗುಗಳು ಒಂದೇ ಜಾಗದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ.